ಮಾತ್ರೆಗೆ ಬಗ್ಗದ ರೋಗಾಣು

ಟೊಮೆಟೊ, ಬದನೆ ಬೆಳೆಯುವವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತು. ಮೊದಮೊದಲು ಟ್ಯಾಂಕಿಗೆ ಒಂದು ಮುಚ್ಚಳ ಔಷಧಿ ಹಾಕಿ ಹೊಡೆದರೆ ಹುಳ ಸಾಯುತ್ತಿತ್ತು. ನಾಲ್ಕು ಬೆಳೆ ಕಳೆದ ಮೇಲೆ ಎರಡು ಮುಚ್ಚಳ ಹಾಕಿದರೂ ಸಾಯುವುದಿಲ್ಲ. "ಈ ಹುಳೀಗೆ ಔಷ್ದಿ ಒಗ್ಗೋಗ್ಬುಟ್ಟದೆ ಕನಪ್ಪ" ಎಂದು ಹೊಲದ ಬದುವಿನ ಮೇಲೆ ನಿಂತು ಮಾತಾಡಿಕೊಳ್ಳುತ್ತೇವೆ. ಅಂಗಡಿಯವರು ಹೊಸ ಬಾಟಲಿ ಕೊಡುತ್ತಾರೆ. ಅದರ ಬೆಲೆ ಹಳೆಯದಕ್ಕಿಂತ ಜಾಸ್ತಿ. ಕೆಲವು ವರ್ಷ ಆದ ಮೇಲೆ ಅದಕ್ಕೂ ಹುಳ ಬಗ್ಗುವುದಿಲ್ಲ.

ಹೊಲದಲ್ಲಿ ನಡೆಯುವ ಈ ಸಂಗತಿ ನಮ್ಮ ಮೈಯೊಳಗೂ ನಡೆಯುತ್ತದೆ. ಹುಳದ ಜಾಗದಲ್ಲಿ ರೋಗಾಣು. ಟ್ಯಾಂಕಿನ ಔಷಧಿಯ ಜಾಗದಲ್ಲಿ ನಾವು ನುಂಗುವ ಮಾತ್ರೆ. ಹೊಲದಲ್ಲಾದರೆ ಒಂದು ಬೆಳೆ ಹೋಗುತ್ತದೆ. ಮೈಯಲ್ಲಾದರೆ? ಈ ಪಾಠದಲ್ಲಿ ಅದನ್ನು ಓದೋಣ.

ಕಣ್ಣಿಗೆ ಕಾಣದ ಜೀವಿಗಳು

ರೋಗ ತರುವ ಜೀವಿಗಳು ಬಹಳ ಸಣ್ಣವು. ಬರಿಗಣ್ಣಿಗೆ ಕಾಣುವುದಿಲ್ಲ. ಅವುಗಳಲ್ಲಿ ಎರಡು ಜಾತಿಯ ಹೆಸರನ್ನು ನಾವು ತಿಳಿದಿರಬೇಕು. ಒಂದು ಬ್ಯಾಕ್ಟೀರಿಯಾ. ಇನ್ನೊಂದು ವೈರಸ್.

ಟೈಫಾಯಿಡ್, ಟಿ.ಬಿ., ಕುಷ್ಠರೋಗ, ಕೀವು ತುಂಬಿದ ಗಾಯ, ಇವು ಬ್ಯಾಕ್ಟೀರಿಯಾದಿಂದ ಬರುತ್ತವೆ. ನೆಗಡಿ, ಫ್ಲೂ, ಡೆಂಗಿ, ಚಿಕೂನ್‌ಗುನ್ಯ ವೈರಸ್ಸಿನಿಂದ ಬರುತ್ತವೆ. 2006ರಲ್ಲಿ ಚಿಕೂನ್‌ಗುನ್ಯ ನಮ್ಮ ರಾಜ್ಯದ ಊರೂರಿಗೆ ನುಗ್ಗಿತ್ತು. ಕೈಕಾಲಿನ ಗಂಟು ಹಿಡಿದು ಜನ ಏಳಲಾರದೆ ಮಲಗಿದ್ದನ್ನು ಹಿರಿಯರು ಮರೆತಿರಲಿಕ್ಕಿಲ್ಲ.

ಬ್ಯಾಕ್ಟೀರಿಯಾವನ್ನು ಕೊಲ್ಲುವ ಅಥವಾ ಬೆಳೆಯದಂತೆ ತಡೆಯುವ ಔಷಧಿಗೆ ಆಂಟಿಬಯೋಟಿಕ್ ಎನ್ನುತ್ತಾರೆ. ವೈರಸ್ಸಿನ ಮೇಲೆ ಈ ಔಷಧಿಯ ಆಟ ನಡೆಯುವುದಿಲ್ಲ. ನೆಗಡಿಗೆ ಆಂಟಿಬಯೋಟಿಕ್ ನುಂಗಿದರೆ ನೆಗಡಿ ತನ್ನ ಪಾಡಿಗೆ ತಾನು ಒಂದು ವಾರ ಇದ್ದು ಹೋಗುತ್ತದೆ. ನಾವು ಮಾತ್ರೆಯಿಂದ ಹೋಯಿತು ಅಂದುಕೊಳ್ಳುತ್ತೇವೆ.

ಮೊದಲ ಆಂಟಿಬಯೋಟಿಕ್ಕುಗಳಲ್ಲಿ ಹೆಸರಾದದ್ದು ಪೆನಿಸಿಲಿನ್. ಅದನ್ನು 1928ರಲ್ಲಿ ಲಂಡನ್ನಿನಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಎಂಬ ವಿಜ್ಞಾನಿ ಕಂಡುಹಿಡಿದರು. ಬೂಷ್ಟಿನಿಂದ ಬಂದ ಔಷಧಿ ಅದು. ಹಳಸಿದ ರೊಟ್ಟಿಯ ಮೇಲೆ ಹಸಿರಾಗಿ ಕೂರುತ್ತದಲ್ಲ, ಆ ಜಾತಿಯ ಬೂಷ್ಟು. ಅದು ಬಳಕೆಗೆ ಬರುವ ಮುಂಚೆ ಕಾಲಿಗೆ ಮುಳ್ಳು ಚುಚ್ಚಿ ಕೀವಾದರೂ ಸಾಯುವವರಿದ್ದರು. ಹೆರಿಗೆಯಾದ ಮೇಲೆ ನಂಜೇರಿ ಬಾಣಂತಿಯರು ಸಾಯುತ್ತಿದ್ದರು. ಪೆನಿಸಿಲಿನ್ ಬಂದ ಮೇಲೆ ಎಷ್ಟೋ ಜೀವ ಉಳಿಯಿತು.

ಫ್ಲೆಮಿಂಗ್ ಅವರಿಗೆ 1945ರಲ್ಲಿ ನೊಬೆಲ್ ಬಹುಮಾನ ಬಂತು. ಆಗಿನ ನೊಬೆಲ್ ಭಾಷಣದಲ್ಲೇ ಅವರು ಒಂದು ಎಚ್ಚರಿಕೆ ಕೊಟ್ಟರು. ಈ ಔಷಧಿಯನ್ನು ಅರೆಬರೆಯಾಗಿ ತೆಗೆದುಕೊಂಡರೆ ರೋಗಾಣು ಸಾಯುವುದಿಲ್ಲ, ಔಷಧಿಯನ್ನು ತಡೆದುಕೊಳ್ಳುವುದನ್ನು ಕಲಿಯುತ್ತದೆ ಎಂಬುದು ಅದರ ಅರ್ಥ. ಔಷಧಿ ಕಂಡುಹಿಡಿದವರೇ ಹೇಳಿದ ಮಾತು ಅದು. ಯಾರೂ ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ.

ಗಟ್ಟಿ ರೋಗಾಣು ಉಳಿಯುವುದು ಹೇಗೆ?

ಒಂದು ಗಾಯದಲ್ಲಿ ಲಕ್ಷಾಂತರ ರೋಗಾಣು ಇರುತ್ತವೆ. ಎಲ್ಲವೂ ಒಂದೇ ತರ ಇರುವುದಿಲ್ಲ. ಹೆಚ್ಚಿನವು ಮೆದು. ಎಲ್ಲೋ ಒಂದೋ ಎರಡೋ ಗಟ್ಟಿ. ಮಾತ್ರೆ ನುಂಗಿದ ಕೂಡಲೇ ಮೊದಲು ಸಾಯುವುದು ಮೆದುವಾದವು. ಎರಡು ದಿನಕ್ಕೆ ಜ್ವರ ಇಳಿಯುತ್ತದೆ. "ಜರ ಬುಟ್ಟೋಯ್ತು, ಇನ್ಯಾಕೆ ಮಾತ್ರೆ?" ಎಂದು ಉಳಿದದ್ದನ್ನು ಡಬ್ಬಿಯಲ್ಲಿ ಇಡುತ್ತೇವೆ. ಹೀಗೆ ಆಟ ಅರ್ಧಕ್ಕೆ ನಿಂತಾಗ ಗಟ್ಟಿಯಾದವು ಉಳಿದುಬಿಡಬಹುದು. ಸುತ್ತ ಜಾಗ ಖಾಲಿ, ತಿನ್ನಲು ಬೇಕಾದಷ್ಟು. ಕೆಲವು ಬ್ಯಾಕ್ಟೀರಿಯಾ ಇಪ್ಪತ್ತು ನಿಮಿಷಕ್ಕೆ ಒಂದಿದ್ದದ್ದು ಎರಡಾಗುತ್ತದೆ. ಬೆಳಿಗ್ಗೆಯಿಂದ ಸಂಜೆಯೊಳಗೆ ಒಂದರ ಸಂತಾನ ಕೋಟಿ ದಾಟಬಹುದು. ಆ ಸಂತಾನಕ್ಕೆಲ್ಲ ಅದೇ ಗಟ್ಟಿತನ.

ಬೇಡದ ಕಡೆ ಮಾತ್ರೆ ನುಂಗಿದಾಗಲೂ ಹೀಗೇ ಆಗುತ್ತದೆ. ನಮ್ಮ ಕರುಳಿನಲ್ಲಿ, ಚರ್ಮದ ಮೇಲೆ ತೊಂದರೆ ಕೊಡದ ಬ್ಯಾಕ್ಟೀರಿಯಾ ಕೋಟಿಗಟ್ಟಲೆ ಇವೆ. ನೆಗಡಿಗೆ ನುಂಗಿದ ಆಂಟಿಬಯೋಟಿಕ್ ಇವುಗಳ ಮೇಲೆ ಬೀಳುತ್ತದೆ. ಮೆದುವಾದವು ಸತ್ತು ಗಟ್ಟಿಯಾದವು ನಿಲ್ಲುತ್ತವೆ. ಅವು ತಮ್ಮ ಗಟ್ಟಿತನವನ್ನು ರೋಗ ತರುವ ಬೇರೆ ಬ್ಯಾಕ್ಟೀರಿಯಾಕ್ಕೂ ದಾಟಿಸಬಲ್ಲವು. ಬಿತ್ತನೆ ಬೀಜ ಒಬ್ಬರಿಂದ ಒಬ್ಬರಿಗೆ ಕೈ ಬದಲಾಯಿಸಿದ ಹಾಗೆ.

ನಮ್ಮ ಕಲಿಕಾ ಕೇಂದ್ರದಲ್ಲಿ ಈ ಪಾಠ ಮಾಡುವಾಗ ಒಬ್ಬ ಅವ್ವ ಹೇಳಿದರು. "ನನ್ ಮೈಗೆ ಆ ಮಾತ್ರೆ ಹಿಡಿಯಕಿಲ್ಲ ಕನ್ ಮೇಷ್ಟ್ರೆ. ನನ್ ಮಗೀಗೆ ಹಿಡೀತದೆ."

ಹೀಗೆ ಹೇಳುವವರು ಬಹಳ ಮಂದಿ. ಆದರೆ ಮಾತ್ರೆಗೆ ಒಗ್ಗಿಹೋಗುವುದು ಮೈ ಅಲ್ಲ, ರೋಗಾಣು. ಈ ವ್ಯತ್ಯಾಸ ಬಹಳ ಮುಖ್ಯ. ಒಗ್ಗಿದ್ದು ನನ್ನ ಮೈ ಆಗಿದ್ದರೆ ನಷ್ಟ ನನಗೊಬ್ಬಳಿಗೆ. ಒಗ್ಗಿದ್ದು ರೋಗಾಣು ಆದ್ದರಿಂದ ಅದು ಕೆಮ್ಮಿನಲ್ಲಿ, ಕೈಯಲ್ಲಿ, ನೀರಿನಲ್ಲಿ ಮಗುವಿಗೂ ಪಕ್ಕದ ಮನೆಗೂ ಹೋಗುತ್ತದೆ. ಜೀವಮಾನದಲ್ಲಿ ಒಂದೂ ಆಂಟಿಬಯೋಟಿಕ್ ನುಂಗದ ಮಗುವಿಗೂ ಮಾತ್ರೆಗೆ ಬಗ್ಗದ ಕಾಯಿಲೆ ಬರಬಹುದು.

ಯಳಂದೂರಿನ ಕತೆ

ಇದೆಲ್ಲ ಡೆಲ್ಲಿ, ಬೆಂಗಳೂರಿನ ದೊಡ್ಡ ಆಸ್ಪತ್ರೆಗಳ ವಿಷಯ, ನಮಗೇಕೆ ಎನ್ನುವವರಿದ್ದಾರೆ. ಅವರಿಗೆ ನಮ್ಮ ಯಳಂದೂರಿನ ಕತೆಯನ್ನೇ ಹೇಳಬೇಕು.

ಯಳಂದೂರು ಸಣ್ಣ ತಾಲ್ಲೂಕು. ಒಂದು ಕಾಲಕ್ಕೆ ಇಲ್ಲಿ ಕುಷ್ಠರೋಗ ಬಹಳ ಇತ್ತು. ಕುಷ್ಠ ಬಂದವರನ್ನು ಮನೆಯಿಂದ ಹೊರಗೆ ಹಾಕುತ್ತಿದ್ದರು. ತಟ್ಟೆ ಬೇರೆ, ಚಾಪೆ ಬೇರೆ. ಶಾಪ ಎಂದರು, ಪಾಪ ಎಂದರು. ಅದು ಶಾಪವೂ ಅಲ್ಲ, ಪಾಪವೂ ಅಲ್ಲ. ಒಂದು ಬ್ಯಾಕ್ಟೀರಿಯಾ. ಬಹಳ ನಿಧಾನಿ. ಒಂದು ಎರಡಾಗಲು ಸುಮಾರು ಎರಡು ವಾರ ಹಿಡಿಯುತ್ತದೆ. ಅದಕ್ಕೇ ರೋಗ ಹೊರಗೆ ಕಾಣಿಸಿಕೊಳ್ಳಲು ವರ್ಷಗಟ್ಟಲೆ ಬೇಕು. ಮೈಮೇಲೆ ಬಣ್ಣ ತಿಳಿಯಾದ ಇಲ್ಲವೇ ಕೆಂಪಾದ ಮಚ್ಚೆ, ಮುಟ್ಟಿದರೆ ಅಲ್ಲಿ ಸ್ಪರ್ಶ ತಿಳಿಯದು. ಇದು ಮೊದಲ ಗುರುತು. (ತೊನ್ನು ಬೇರೆ, ಇದು ಬೇರೆ. ತೊನ್ನು ಅಂಟುರೋಗವೇ ಅಲ್ಲ.)

1940ರ ದಶಕದಲ್ಲಿ ಕುಷ್ಠಕ್ಕೆ ಡ್ಯಾಪ್ಸೋನ್ ಎಂಬ ಔಷಧಿ ಬಂತು. ಅಗ್ಗದ ಮಾತ್ರೆ. ಲೋಕದಲ್ಲೆಲ್ಲ ಅದನ್ನೇ ಕೊಟ್ಟರು. ವರ್ಷಾನುಗಟ್ಟಲೆ, ಕೆಲವರಿಗೆ ಸಾಯುವ ತನಕ ಅದೊಂದೇ ಮಾತ್ರೆ. ಯಾರು ತಾನೆ ಅಷ್ಟು ವರ್ಷ ತಪ್ಪದೆ ನುಂಗುತ್ತಾರೆ? ಸುಗ್ಗಿ ಬಂದಾಗ ಬಿಟ್ಟರು, ಜಾತ್ರೆಗೆ ಹೋದಾಗ ಬಿಟ್ಟರು, ಮಾತ್ರೆ ಕೊಡುವವರು ಬಾರದಿದ್ದಾಗ ಬಿಟ್ಟರು. 1964ರಲ್ಲಿ ಮಲೇಷ್ಯಾದ ರೋಗಿಗಳನ್ನು ಪರೀಕ್ಷಿಸಿದ ವೈದ್ಯರು ಡ್ಯಾಪ್ಸೋನಿಗೆ ಬಗ್ಗದ ಕುಷ್ಠದ ರೋಗಾಣು ಇದೆ ಎಂದು ಸಾಧಿಸಿ ತೋರಿಸಿದರು. ಆಮೇಲೆ ದೇಶ ದೇಶಗಳಿಂದ ಅದೇ ಸುದ್ದಿ.

ಆಗ ವಿಶ್ವ ಆರೋಗ್ಯ ಸಂಸ್ಥೆ ತಜ್ಞರನ್ನು ಕೂರಿಸಿ ಯೋಚಿಸಿತು. 1981ರಲ್ಲಿ ಒಂದು ದಾರಿ ಹೇಳಿತು. ಒಂದು ಔಷಧಿಯಿಂದ ಆಗದಿದ್ದರೆ ಎರಡು ಮೂರು ಔಷಧಿಯನ್ನು ಒಟ್ಟಿಗೆ ಕೊಡಿ ಎಂದಿತು. ಡ್ಯಾಪ್ಸೋನ್ ಜೊತೆಗೆ ರಿಫಾಂಪಿಸಿನ್, ಕ್ಲೋಫಾಜಿಮಿನ್. ಲೆಕ್ಕ ಸುಲಭ. ಒಂದು ಔಷಧಿಯನ್ನು ತಡೆದುಕೊಳ್ಳುವ ರೋಗಾಣು ಲಕ್ಷಾಂತರದಲ್ಲಿ ಒಂದು ಇರಬಹುದು. ಮೂರನ್ನೂ ಒಂದೇ ಸಲ ತಡೆದುಕೊಳ್ಳುವುದು ಇರುವುದೇ ಕಷ್ಟ. ಒಬ್ಬ ಕಾವಲುಗಾರನ ಕಣ್ಣು ತಪ್ಪಿಸಿದ ಕಳ್ಳ ಮೂವರ ಕಣ್ಣು ತಪ್ಪಿಸಲಾರ. ನಮ್ಮ ದೇಶದಲ್ಲಿ 1983ರಲ್ಲಿ ರಾಷ್ಟ್ರೀಯ ಕುಷ್ಠರೋಗ ನಿರ್ಮೂಲನಾ ಕಾರ್ಯಕ್ರಮ ಈ ದಾರಿಯನ್ನು ಹಿಡಿಯಿತು.

ಆದರೆ ಔಷಧಿ ಇದ್ದರೆ ಸಾಕೇ? ಅದು ಮನೆಬಾಗಿಲಿಗೆ ಬರಬೇಕು. ಹೆದರಿ ಅಡಗಿದವರು ಹೊರಗೆ ಬರಬೇಕು. ಡಾ. ಎಚ್. ಸುದರ್ಶನ್ ಅವರು ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನಡುವೆ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದ್ದು ನಿಮಗೆ ಗೊತ್ತೇ ಇದೆ. ಬೆಟ್ಟದ ಕೆಳಗೆ ಯಳಂದೂರು ಸೀಮೆಯ ಕುಷ್ಠರೋಗಕ್ಕಾಗಿಯೇ 1986ರಲ್ಲಿ ಕರುಣಾ ಟ್ರಸ್ಟ್ ಶುರುವಾಯಿತು. ಕುಷ್ಠದಿಂದ ಶುರುವಾದ ಕೆಲಸ ಮುಂದೆ ಟಿ.ಬಿ., ಮೂರ್ಛೆರೋಗದ ಕಡೆಗೂ ಹರಡಿತು. 1996ರಲ್ಲಿ ಗುಂಬಳ್ಳಿಯ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ನಡೆಸುವ ಹೊಣೆಯನ್ನೂ ಟ್ರಸ್ಟ್ ಹೊತ್ತುಕೊಂಡಿತು.

ಕುಷ್ಠದ ಮಾತ್ರೆ ಕೊಡುವ ರೀತಿಯನ್ನು ಸ್ವಲ್ಪ ಗಮನಿಸಿ. ತಿಂಗಳಿಗೆ ಒಂದು ಸಲ ದೊಡ್ಡ ಪ್ರಮಾಣದ ಮಾತ್ರೆಯನ್ನು ಆರೋಗ್ಯ ಕಾರ್ಯಕರ್ತರ ಎದುರಿಗೇ ನುಂಗಬೇಕು. ಉಳಿದದ್ದನ್ನು ಮನೆಯಲ್ಲಿ ದಿನಾ ನುಂಗಬೇಕು. ಶೀಟಿನ ಮೇಲೆ ದಿನದ ಲೆಕ್ಕ ಇರುತ್ತದೆ. ಯಾವ ದಿನ ತಪ್ಪಿತು ಎಂದು ಓದು ಬರದವರಿಗೂ ತಿಳಿಯುತ್ತದೆ. ರೋಗ ಕಡಿಮೆ ಇದ್ದವರಿಗೆ 6 ತಿಂಗಳು, ಹೆಚ್ಚು ಇದ್ದವರಿಗೆ 12 ತಿಂಗಳು. ಕಾಸು ಇಲ್ಲ. ಸಾಯುವ ತನಕ ನುಂಗಬೇಕಿದ್ದ ಕಾಯಿಲೆಗೆ ಒಂದು ವರ್ಷದೊಳಗೆ ಕೊನೆ ಬಂತು. ಹತ್ತು ಸಾವಿರ ಜನಕ್ಕೆ ಒಬ್ಬರಿಗಿಂತ ಕಡಿಮೆ ರೋಗಿಗಳು ಎಂಬ ಮಟ್ಟಕ್ಕೆ ದೇಶ ಬಂದದ್ದು 2005ರ ಡಿಸೆಂಬರಿನಲ್ಲಿ. ರೋಗ ಪೂರ್ತಿ ಹೋಗಿಲ್ಲ. ಈಗಲೂ ಹೊಸ ರೋಗಿಗಳು ಸಿಗುತ್ತಾರೆ. ಮಚ್ಚೆ ಕಂಡರೆ ಆಶಾ ಕಾರ್ಯಕರ್ತೆಗೆ ತೋರಿಸಿ, ನಾಚಿಕೆ ಬೇಡ.

ಟಿ.ಬಿ.ಯಲ್ಲೂ ಅದೇ ಪಾಠ

ಟಿ.ಬಿ.ಗೆ 1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್ ಸೂಜಿ ಬಂತು. ಅದೊಂದನ್ನೇ ಕೊಟ್ಟಾಗ ರೋಗಿಗಳು ಮೊದಲು ಎದ್ದು ಓಡಾಡಿದರು. ಕೆಲವು ತಿಂಗಳಲ್ಲಿ ಅನೇಕರು ಮತ್ತೆ ಮಲಗಿದರು. ರೋಗಾಣು ಸೂಜಿಗೆ ಬಗ್ಗದೆ ನಿಂತಿತ್ತು. ಅಲ್ಲೂ ಔಷಧಿಗಳನ್ನು ಜೊತೆ ಮಾಡಿಯೇ ಗೆಲ್ಲಬೇಕಾಯಿತು.

ಆಗ ಟಿ.ಬಿ. ಬಂದವರನ್ನು ಸ್ಯಾನಿಟೋರಿಯಂಗೆ ಸೇರಿಸುತ್ತಿದ್ದರು. ಮೈಸೂರಿನ ಪಿ.ಕೆ. ಸ್ಯಾನಿಟೋರಿಯಂ ಹೆಸರು ನಮ್ಮ ಕಡೆಯ ಹಳಬರ ಬಾಯಲ್ಲಿ ಇನ್ನೂ ಇದೆ. 1956ರಲ್ಲಿ ಮದ್ರಾಸಿನಲ್ಲಿ ಒಂದು ಸಂಶೋಧನಾ ಕೇಂದ್ರ ಶುರುವಾಯಿತು. ಬಡವರು ತಮ್ಮ ಮನೆಯಲ್ಲೇ ಇದ್ದು, ತಪ್ಪದೆ ಔಷಧಿ ತೆಗೆದುಕೊಂಡರೆ ಸ್ಯಾನಿಟೋರಿಯಂನಲ್ಲಿ ಇದ್ದಷ್ಟೇ ಗುಣವಾಗುತ್ತದೆ ಎಂದು ಅದು 1959ರಲ್ಲಿ ತೋರಿಸಿಕೊಟ್ಟಿತು. ಅದೇ 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಹುಟ್ಟಿತು. ಇವತ್ತು ಟಿ.ಬಿ. ರೋಗಿ ಮನೆಯಲ್ಲೇ ಇದ್ದು ಔಷಧಿ ತೆಗೆದುಕೊಳ್ಳುವುದಕ್ಕೆ ಆ ಕೆಲಸವೇ ಬುನಾದಿ.

ಸಾಮಾನ್ಯ ಟಿ.ಬಿ.ಗೆ 6 ತಿಂಗಳ ಮಾತ್ರೆ. ಎರಡು ತಿಂಗಳಿಗೆ ಕೆಮ್ಮು ಹೋಗುತ್ತದೆ, ಹಸಿವಾಗುತ್ತದೆ, ಮೈ ತುಂಬುತ್ತದೆ. ಅಪಾಯ ಇರುವುದೇ ಇಲ್ಲಿ. ಹನೂರು ಕಡೆಯ ಎಷ್ಟೋ ಮಂದಿ ಕೂಲಿಗೆ ಕೊಡಗಿನ ಕಾಫಿ ತೋಟಕ್ಕೋ, ಕೇರಳದ ಶುಂಠಿ ಹೊಲಕ್ಕೋ, ತಿರುಪ್ಪೂರಿಗೋ ಹೋಗುತ್ತಾರೆ. ಮೈ ಹಗುರಾಗಿದೆ, ಮೇಸ್ತ್ರಿ ಕರೆಯುತ್ತಿದ್ದಾನೆ, ಸಾಲ ಇದೆ. ಗಂಟು ಕಟ್ಟಿ ಬಸ್ಸು ಹತ್ತುತ್ತಾರೆ. ಮಾತ್ರೆ ಊರಿನಲ್ಲೇ ಉಳಿಯುತ್ತದೆ. ನಾಲ್ಕು ತಿಂಗಳಿಗೆ ಮತ್ತೆ ಕೆಮ್ಮು. ಈ ಸಲದ ಟಿ.ಬಿ. ಹಳೆಯದಲ್ಲದಿರಬಹುದು. ಐಸೋನಿಯಜಿಡ್, ರಿಫಾಂಪಿಸಿನ್ ಎಂಬ ಎರಡು ಬಲವಾದ ಔಷಧಿಗೂ ಬಗ್ಗದ ಟಿ.ಬಿ. ಆಗಿರಬಹುದು. ಅದಕ್ಕೆ ಹಿಂದೆ ಸುಮಾರು ಎರಡು ವರ್ಷದ ಚಿಕಿತ್ಸೆ ಇತ್ತು. ದಿನಾ ಸೂಜಿ. ಕೆಲವರಿಗೆ ಅದರಿಂದ ಕಿವಿಯೇ ಕೇಳದಾಯಿತು. 2024ರಲ್ಲಿ ನಮ್ಮ ದೇಶ 6 ತಿಂಗಳ ಹೊಸ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟಿತು. ಅದರಲ್ಲಿ ಸೂಜಿ ಇಲ್ಲ. ಅದು ಒಳ್ಳೆಯ ಸುದ್ದಿಯೇ. ಆದರೆ ಆ ಹೊಸ ಔಷಧಿಗಳಿಗೂ ರೋಗಾಣು ಒಗ್ಗಿದರೆ ಮುಂದೇನು?

ಕೂಲಿಗೆ ಹೋಗುವವರು ಒಂದು ಕೆಲಸ ಮಾಡಬಹುದು. ಹೊರಡುವ ಮುಂಚೆ ಆರೋಗ್ಯ ಕೇಂದ್ರಕ್ಕೆ ಹೋಗಿ ಎಲ್ಲಿಗೆ ಹೋಗುತ್ತೀರಿ ಎಂದು ಹೇಳಿ. ನಿಮ್ಮ ಹೆಸರು ನಿಕ್ಷಯ್ ಎಂಬ ಸರ್ಕಾರಿ ದಾಖಲೆಯಲ್ಲಿ ಒಂದು ನಂಬರಿನ ಜೊತೆ ಇರುತ್ತದೆ. ಆ ನಂಬರನ್ನು ಬರೆದುಕೊಳ್ಳಿ. ದೇಶದ ಯಾವ ಊರಿನಲ್ಲಾದರೂ ಸರ್ಕಾರಿ ಆಸ್ಪತ್ರೆಯಲ್ಲಿ ಅದನ್ನು ತೋರಿಸಿ ಚಿಕಿತ್ಸೆ ಮುಂದುವರಿಸಬಹುದು. ಪೌಷ್ಟಿಕ ಆಹಾರಕ್ಕೆ 2018ರಿಂದ ತಿಂಗಳಿಗೆ 500 ರೂಪಾಯಿ ಬ್ಯಾಂಕ್ ಖಾತೆಗೆ ಕೊಡುತ್ತಿದ್ದರು. 2024ರ ನವೆಂಬರಿನಿಂದ ಅದು 1000 ರೂಪಾಯಿ ಆಗಿದೆ. ಪಾಸ್‌ಬುಕ್ಕಿನಲ್ಲಿ ಬಂದಿದೆಯೇ ಎಂದು ಈಗ ನೀವೇ ಓದಿ ನೋಡಬಹುದಲ್ಲ!

ಸರ್ಕಾರ ಏನು ಮಾಡಿದೆ?

1972ರಲ್ಲಿ ನಮ್ಮ ಪಕ್ಕದ ಕೇರಳದ ಕೋಳಿಕೋಡಿನಲ್ಲಿ ಟೈಫಾಯಿಡ್ ಹರಡಿತು. ಆಗ ಟೈಫಾಯಿಡ್‌ಗೆ ರಾಮಬಾಣ ಎನಿಸಿದ್ದ ಔಷಧಿ ಕ್ಲೋರಾಂಫೆನಿಕಾಲ್. ಅದಕ್ಕೆ ಆ ರೋಗಾಣು ಬಗ್ಗಲಿಲ್ಲ. ಗುಂಡ್ಲುಪೇಟೆ ದಾಟಿ ಘಾಟಿ ಇಳಿದರೆ ಸಿಗುವ ಊರು ಅದು. ಇಂಥ ಘಟನೆ ಒಂದಾದ ಮೇಲೆ ಒಂದು ಆದರೂ ದೇಶಕ್ಕೆಲ್ಲ ಒಂದು ನೀತಿ ಬಂದದ್ದು ಬಹಳ ತಡವಾಗಿ, 2011ರಲ್ಲಿ. ಅದಕ್ಕೂ ಒಂದು ವರ್ಷ ಹಿಂದೆ, ಆಸ್ಪತ್ರೆಯ ಅತಿ ಬಲವಾದ ಔಷಧಿಗೂ ಬಗ್ಗದ ರೋಗಾಣುವಿನ ಗುಣಕ್ಕೆ ನವದೆಹಲಿಯ ಹೆಸರು ಇಟ್ಟಿದ್ದರು ಎಂದು ದೇಶದಲ್ಲಿ ದೊಡ್ಡ ಗಲಾಟೆಯಾಗಿತ್ತು. ಹೆಸರಿಗೆ ಆದಷ್ಟು ಗಲಾಟೆ ರೋಗಕ್ಕೆ ಆಗಲಿಲ್ಲ ಎಂದು ನಮಗೆ ಅನಿಸುತ್ತದೆ.

2014ರ ಮಾರ್ಚ್ 1ರಿಂದ ಎಚ್-1 ಪಟ್ಟಿ ಎಂಬ ಕಾನೂನು ಜಾರಿಗೆ ಬಂತು. ಮೊದಲಿಗೆ ಅದರಲ್ಲಿ 46 ಔಷಧಿ ಇದ್ದವು. ಬಲವಾದ ಆಂಟಿಬಯೋಟಿಕ್ಕುಗಳು, ಟಿ.ಬಿ. ಔಷಧಿಗಳು ಅದರಲ್ಲಿ ಸೇರಿವೆ. ಇವನ್ನು ಮಾರುವಾಗ ಮೆಡಿಕಲ್ ಸ್ಟೋರಿನವರು ಬೇರೆಯೇ ಒಂದು ಪುಸ್ತಕದಲ್ಲಿ ಬರೆಯಬೇಕು. ಬರೆದ ಡಾಕ್ಟರ್ ಯಾರು, ರೋಗಿ ಯಾರು, ಯಾವ ಔಷಧಿ, ಎಷ್ಟು ಕೊಟ್ಟರು. ಆ ಪುಸ್ತಕವನ್ನು ಮೂರು ವರ್ಷ ಇಟ್ಟಿರಬೇಕು. ಉಳಿದ ಆಂಟಿಬಯೋಟಿಕ್ಕುಗಳನ್ನೂ ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ. 2016ರಲ್ಲಿ ಕೆಂಪು ಗೆರೆಯ ಪ್ರಚಾರ ಬಂತು. ಮಾತ್ರೆ ಶೀಟಿನ ಹಿಂದೆ ನಿಂತ ಕೆಂಪು ಗೆರೆ ಇದ್ದರೆ ಡಾಕ್ಟರನ್ನು ಕೇಳದೆ ನುಂಗಬಾರದು ಎಂದು ಅರ್ಥ. ಓದು ಬರದವರಿಗೂ ತಿಳಿಯಲಿ ಎಂದು ಮಾಡಿದ ಗುರುತು ಇದು. ನಮಗೆ ಬಹಳ ಹಿಡಿಸಿದ ಉಪಾಯ.

2017ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಕಾರ್ಯಯೋಜನೆ ಮಾಡಿತು. ಆರೋಗ್ಯ ಇಲಾಖೆ ಒಂದೇ ಅಲ್ಲ, ಪಶುಪಾಲನೆ, ಕೃಷಿ, ಪರಿಸರ ಎಲ್ಲ ಇಲಾಖೆಗಳೂ ಸೇರಿ ಕೆಲಸ ಮಾಡಬೇಕು ಎಂದಿತು. ಜನರಿಗೆ ತಿಳಿವಳಿಕೆ ಕೊಡುವುದು, ಎಲ್ಲೆಲ್ಲಿ ಯಾವ ಔಷಧಿಗೆ ಯಾವ ರೋಗಾಣು ಬಗ್ಗುತ್ತಿಲ್ಲ ಎಂದು ಪ್ರಯೋಗಾಲಯಗಳಲ್ಲಿ ಲೆಕ್ಕ ಇಡುವುದು, ಆಸ್ಪತ್ರೆಯಲ್ಲಿ ಸೋಂಕು ಹರಡದಂತೆ ನೋಡುವುದು, ಔಷಧಿಯನ್ನು ಹಿತಮಿತವಾಗಿ ಬಳಸುವುದು, ಹೊಸ ಸಂಶೋಧನೆ. ಇವೆಲ್ಲ ಅದರಲ್ಲಿವೆ. ರಾಜ್ಯದ ಮಟ್ಟದಲ್ಲಿ ಇಂಥ ಯೋಜನೆಯನ್ನು ದೇಶದಲ್ಲೇ ಮೊದಲು ಮಾಡಿದ್ದು ಕೇರಳ, 2018ರಲ್ಲಿ. 2024ರ ಜನವರಿಯಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶಕರು ಡಾಕ್ಟರುಗಳಿಗೆ ಪತ್ರ ಬರೆದರು. ಆಂಟಿಬಯೋಟಿಕ್ ಬರೆದಾಗ ಯಾವ ಕಾಯಿಲೆಗೆ ಎಂದು ಚೀಟಿಯಲ್ಲೇ ಬರೆಯಿರಿ ಎಂದರು. 2025ರ ನವೆಂಬರಿನಲ್ಲಿ ಎರಡನೆಯ ಕಾರ್ಯಯೋಜನೆ ಹೊರಬಂತು. ಅದು 2029ರ ವರೆಗಿನದು.

ಇಷ್ಟೆಲ್ಲ ಏಕೆ ಎಂದರೆ, ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ನೇರ ಕಾರಣವಾಗಿ 2019ರ ಒಂದೇ ವರ್ಷದಲ್ಲಿ ಲೋಕದಲ್ಲಿ ಸುಮಾರು 12 ಲಕ್ಷ 70 ಸಾವಿರ ಜನ ಸತ್ತರು ಎಂದು ತಜ್ಞರು ಅಂದಾಜು ಮಾಡಿದ್ದಾರೆ.

ತಪ್ಪು ಯಾರದು?

ಊರಿನವರು ಬುದ್ಧಿ ಇಲ್ಲದೆ ಮಾತ್ರೆ ನುಂಗುತ್ತಾರೆ ಎಂದು ದೂರುವುದು ಸುಲಭ. ನಾವು ಹಾಗೆ ಹೇಳಲಾರೆವು. ಮಲೆ ಮಹದೇಶ್ವರ ಬೆಟ್ಟದ ಸುತ್ತಲಿನ ಇಂಡಿಗನತ್ತ, ತುಳಸಿಕೆರೆಯಂಥ ಕಾಡೊಳಗಿನ ಊರುಗಳನ್ನು ನೋಡಿ. ಜ್ವರ ಬಂದರೆ ಆಸ್ಪತ್ರೆಗೆ ಬಂದು ಹೋಗುವುದೇ ಒಂದು ದಿನದ ಕೆಲಸ. ಒಂದು ದಿನದ ಕೂಲಿ ಹೋಯಿತು. ಜೀಪಿಗೆ, ಬಸ್ಸಿಗೆ ಕಾಸು. ಹೋದ ದಿನ ಡಾಕ್ಟರು ಇರಬೇಕು. ಇದರ ಬದಲು ಯಾರೋ ತಂದಿಟ್ಟ ನಾಲ್ಕು ಮಾತ್ರೆ ಸಿಕ್ಕರೆ ಜನ ಅದನ್ನೇ ನುಂಗುತ್ತಾರೆ. ಚೀಟಿ ಇಲ್ಲದೆ ಮಾತ್ರೆ ಮಾರಬಾರದು ಎಂಬ ಕಾನೂನು ಸರಿ. ಆದರೆ ಚೀಟಿ ಬರೆಯುವ ಡಾಕ್ಟರು ಕೈಗೆ ಸಿಗದ ಕಡೆ ಆ ಕಾನೂನು ಒಂಟಿ ಎತ್ತಿನ ಗಾಡಿ. ಡಾಕ್ಟರು, ನರ್ಸು, ಬೇಕಾದ ಔಷಧಿ, ಮೂರೂ ಇರುವ ಆರೋಗ್ಯ ಕೇಂದ್ರ ಹತ್ತಿರದಲ್ಲಿ ಇರಬೇಕು ಎಂದು ಗ್ರಾಮಸಭೆಯಲ್ಲಿ ಎದ್ದು ಕೇಳುವುದೂ ಈ ಕೆಲಸದ ಭಾಗವೇ.

ಹಾಗಂತ ನಮ್ಮ ಕಡೆಯಿಂದ ಏನೂ ಇಲ್ಲವೇ? ಇದೆ. "ಒಂದು ಸೂಜಿ ಹಾಕ್ಬುಡಿ ಸಾರ್, ಬಿರ್ನೆ ವಾಸಿಯಾಗ್ಲಿ" ಎಂದು ಡಾಕ್ಟರಿಗೆ ದುಂಬಾಲು ಬೀಳುತ್ತೇವೆ. ಸೂಜಿ ಹಾಕದ ಡಾಕ್ಟರನ್ನು "ಏನೂ ಕೊಡ್ಲಿಲ್ಲ" ಎಂದು ಬೈಯುತ್ತೇವೆ. "ಇದು ವೈರಸ್ ಜ್ವರ, ಗಂಜಿ ಕುಡಿ, ಮಲಗು, ಮೂರು ದಿನ ಬಿಟ್ಟು ಬಾ" ಎನ್ನುವ ಡಾಕ್ಟರು ಒಳ್ಳೆಯ ಡಾಕ್ಟರು. ಅವರಿಗೆ ನಮ್ಮಿಂದ ಮರ್ಯಾದೆ ಸಿಗಬೇಕು. ಮಕ್ಕಳ ಭೇದಿಗೂ ಅಷ್ಟೆ. ಹೆಚ್ಚಿನ ಭೇದಿಗೆ ಬೇಕಾದ್ದು ಓ.ಆರ್.ಎಸ್. ನೀರು ಮತ್ತು ಜಿಂಕ್ ಮಾತ್ರೆ. ಭೇದಿಯಲ್ಲಿ ರಕ್ತ ಬಂದರೆ, ಮಗು ಸೊರಗಿ ಕಣ್ಣು ಒಳಕ್ಕೆ ಹೋದರೆ ತಡ ಮಾಡದೆ ಆಸ್ಪತ್ರೆಗೆ ಓಡಬೇಕು.

ರೋಗವೇ ಬಾರದಿದ್ದರೆ ಮಾತ್ರೆಯ ಮಾತೇ ಇಲ್ಲ. ಕೊಳ್ಳೇಗಾಲದ ಕಡೆ ರೇಷ್ಮೆ ಸಾಕುವವರನ್ನು ಕೇಳಿ. ಹುಳು ತರುವ ಮುಂಚೆ ಸಾಕಣೆ ಮನೆಯನ್ನು ತೊಳೆದು, ಸುಣ್ಣ, ಬ್ಲೀಚಿಂಗ್ ಪುಡಿ ಹಾಕುತ್ತಾರೆ. ಒಳಗೆ ಹೋಗುವಾಗ ಕೈಕಾಲು ತೊಳೆಯುತ್ತಾರೆ. ಹಾಲುತೊಂಡೆ, ಸಪ್ಪೆರೋಗ ಬಂದ ಮೇಲೆ ಗೂಡು ಸಿಗದು ಎಂದು ಅವರಿಗೆ ಗೊತ್ತು. ಹುಳುವಿಗೆ ಮಾಡುವಷ್ಟು ಮಡಿ ಮಗುವಿಗೂ ಮಾಡಿದರೆ ಸಾಕು. ಸೋಪಿನಿಂದ ಕೈ, ಕಾಯಿಸಿದ ನೀರು, ಶೌಚಾಲಯ, ಸಮಯಕ್ಕೆ ಲಸಿಕೆ. ನ್ಯುಮೋನಿಯಾ ತಡೆಯುವ ಪಿ.ಸಿ.ವಿ. ಲಸಿಕೆ 2021ರಿಂದ ದೇಶದೆಲ್ಲೆಡೆ ಮಕ್ಕಳಿಗೆ ಉಚಿತವಾಗಿ ಸಿಗುತ್ತಿದೆ.

ಹಸು, ಕೋಳಿ

ಹಸುವಿಗೆ ಕೆಚ್ಚಲು ಬಾವು ಬಂದರೆ ಪಶು ವೈದ್ಯರು ಆಂಟಿಬಯೋಟಿಕ್ ಕೊಡುತ್ತಾರೆ. ಅದು ಸ್ವಲ್ಪ ದಿನ ಹಾಲಿನಲ್ಲಿ ಇಳಿಯುತ್ತದೆ. ಎಷ್ಟು ದಿನ ಹಾಲನ್ನು ಡೇರಿಗೆ ಹಾಕಬಾರದು, ಮನೆಯಲ್ಲೂ ಕುಡಿಯಬಾರದು ಎಂದು ಅವರನ್ನೇ ಕೇಳಿ. ನಷ್ಟ ಆಗುತ್ತದೆ, ನಿಜ. ಆದರೆ ಆ ಹಾಲು ಯಾರದೋ ಮಗುವಿನ ಲೋಟಕ್ಕೆ ಹೋಗುತ್ತದೆ. ಕೋಳಿ ಬೇಗ ದಪ್ಪವಾಗಲಿ ಎಂದು ಮೇವಿಗೆ ಬೆರೆಸುತ್ತಿದ್ದ ಕೊಲಿಸ್ಟಿನ್ ಎಂಬ ಔಷಧಿಯನ್ನು 2019ರ ಜುಲೈನಲ್ಲಿ ಕೇಂದ್ರ ಸರ್ಕಾರ ನಿಷೇಧ ಮಾಡಿತು. ಮನುಷ್ಯರಿಗೆ ಬೇರೆ ಯಾವ ಔಷಧಿಯೂ ನಾಟದಾಗ ಕೊನೆಯದಾಗಿ ಕೊಡುವ ಔಷಧಿ ಅದು. ಅದನ್ನು ಕೋಳಿಯ ತೂಕಕ್ಕೆ ಸುರಿಯುತ್ತಿದ್ದರು!

ಚೀಟಿ ಓದೋಣ

ಮಾತ್ರೆ ಶೀಟಿನ ಮೇಲೆ ಹೆಚ್ಚಾಗಿ ಇಂಗ್ಲಿಷ್ ಇರುತ್ತದೆ. ನಮ್ಮ ಔಷಧಿಯ ಮೇಲೆ ನಮ್ಮ ಭಾಷೆ ಇಲ್ಲದಿರುವುದು ಸರಿಯಲ್ಲ. ಆದರೂ ನಾವು ಕಲಿತ ಅಂಕಿಗಳು ಅಲ್ಲಿ ಇವೆ. ಮೊದಲು ಕೆಂಪು ಗೆರೆ ಹುಡುಕಿ. ಆಮೇಲೆ ತಿಂಗಳು, ವರ್ಷ ಹುಡುಕಿ. ಎರಡು ಕಡೆ ಇರುತ್ತದೆ. ಮೊದಲಿನದು ಮಾತ್ರೆ ಮಾಡಿದ್ದು, ನಂತರದ್ದು ಮಾತ್ರೆಯ ಅವಧಿ ಮುಗಿಯುವುದು.

ಡಾಕ್ಟರ ಚೀಟಿಯಲ್ಲಿ 1-0-1 ಎಂದು ಇರುತ್ತದೆ. ಮೊದಲ ಅಂಕಿ ಬೆಳಿಗ್ಗೆ, ನಡುವಿನದು ಮಧ್ಯಾಹ್ನ, ಕೊನೆಯದು ರಾತ್ರಿ. 1-0-1 ಎಂದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಪಕ್ಕದಲ್ಲಿ ಎಷ್ಟು ದಿನ ಎಂದು ಬರೆದಿರುತ್ತಾರೆ. ಕೆಲವು ಸೋಂಕಿಗೆ 3 ದಿನ ಸಾಕು, ಕೆಲವಕ್ಕೆ 7 ದಿನ ಬೇಕು. ಹೇಳಿದ್ದಕ್ಕಿಂತ ಹೆಚ್ಚೂ ಬೇಡ, ಕಡಿಮೆಯೂ ಬೇಡ. ಮೈಮೇಲೆ ಗಂಧೆ ಎದ್ದರೆ, ಉಸಿರು ಕಟ್ಟಿದರೆ ಮಾತ್ರೆ ನಿಲ್ಲಿಸಿ ಕೂಡಲೇ ಡಾಕ್ಟರ ಬಳಿ ಹೋಗಿ. ಅಕ್ಷರ ತಿಳಿಯದಿದ್ದರೆ "ಕವರಿನ ಮೇಲೆ ಕನ್ನಡದಲ್ಲಿ ಬರೆದುಕೊಡಿ" ಎಂದು ಕೇಳಿ. ಕೇಳುವುದರಲ್ಲಿ ಸಂಕೋಚ ಏನು?

ಈಗ ಇದನ್ನು ಗಟ್ಟಿಯಾಗಿ ಓದಿ, ನೋಟ್‌ಬುಕ್ಕಿನಲ್ಲಿ ಲೆಕ್ಕ ಮಾಡಿ.

ಚೀಟಿಯಲ್ಲಿ ಹೀಗಿದೆ: 1-0-1, 5 ದಿನ.

ದಿನಕ್ಕೆ ಎಷ್ಟು ಮಾತ್ರೆ? ಒಟ್ಟು ಎಷ್ಟು ಮಾತ್ರೆ? ಕೈಯಲ್ಲಿ ಕಾಸು ಕಡಿಮೆ ಇತ್ತು ಎಂದು ಅಂಗಡಿಯಿಂದ 4 ಮಾತ್ರೆ ತಂದಿದ್ದೀರಿ. ಎಷ್ಟು ದಿನಕ್ಕೆ ಸಾಕು? ಇನ್ನು ಎಷ್ಟು ಮಾತ್ರೆ ಬೇಕು? ಅದೇ ಮಾತ್ರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕಾಸಿಲ್ಲದೆ ಸಿಗುತ್ತದೆಯೇ ಎಂದು ನಾಳೆ ಯಾರು ಹೋಗಿ ಕೇಳಿ ಬರುತ್ತೀರಿ?